ಜಾಲತಾಣದೊಳಗೆ ಅಡಗಿರುವ ಕಳ್ಳ: ಸಣ್ಣ ಉದ್ಯಮಿಗಳು ವಹಿಸಬೇಕಾದ ಎಚ್ಚರ

ಬೀದರ್ ಜಿಲ್ಲೆಯ ವರ್ತಕರಿಗೆ ಜಾಲತಾಣವೆಂಬುದು ಈಗ ಹೊಸ ಮಾತಲ್ಲ. 2006ರಲ್ಲಿ ಜಿ.ಐ. ಮಾನ್ಯತೆ ಪಡೆದ ಬಿದರಿ ಕಲೆಯ ಹೂಜಿ, ಹೂದಾನಿಗಳನ್ನು ದೂರದ ಗ್ರಾಹಕರು ಮೊದಲು ಕಾಣುವುದು ಪರದೆಯ ಮೇಲೆಯೇ. ಔರಾದ, ಭಾಲ್ಕಿಗಳ ತೊಗರಿ, ಉದ್ದು, ಸೋಯಾ ವ್ಯಾಪಾರದಲ್ಲಿಯೂ ಹೊರಗಿನ ಖರೀದಿದಾರರು ಅಂಗಡಿಯ ಹೆಸರು ಕೇಳಿದೊಡನೆ ಅಂತರಜಾಲದಲ್ಲಿ ಹುಡುಕುವುದು ರೂಢಿಯಾಗಿದೆ. ಇಂತಹ ತಾಣದೊಳಗೆ ಅನ್ಯರ ಕುತಂತ್ರಾಂಶ ಹೊಕ್ಕರೆ ಅದರ ಸುಳಿವು ಮೊದಲು ಸಿಗುವುದು ಗ್ರಾಹಕನಿಗೆ. ಮಾಲೀಕನಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ.

ಔರಾದದ ಒಂದು ಬೇಳೆ ಗಿರಣಿಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಮಾಲೀಕರು ಕಚೇರಿಯ ಗಣಕಯಂತ್ರದಲ್ಲಿ ವಿಳಾಸವನ್ನು ಬೆರಳಚ್ಚಿಸಿ ತಾಣವನ್ನು ತೆರೆಯುತ್ತಾರೆ. ದರಪಟ್ಟಿ, ಛಾಯಾಚಿತ್ರ, ದೂರವಾಣಿ ಸಂಖ್ಯೆ ಎಲ್ಲವೂ ಸರಿಯಾಗಿವೆ. ಅದೇ ತಾಣವನ್ನು ಹೈದರಾಬಾದಿನ ಖರೀದಿದಾರರು ಗೂಗಲ್‌ನಲ್ಲಿ ಹುಡುಕಿ ಮೊಬೈಲಿನಲ್ಲಿ ತೆರೆದರೆ ಎದುರಾಗುವುದು ಜೂಜಿನ ಪುಟ. ಒಳಗೆ ಸೇರಿಸಿದ ಸಂಕೇತವು ಬಂದವರು ಯಾವ ದಾರಿಯಿಂದ ಬಂದರು, ಯಾವ ಸಾಧನದಿಂದ ಬಂದರು ಎಂಬುದನ್ನು ಪರೀಕ್ಷಿಸಿ, ನೇರವಾಗಿ ಬಂದವರಿಗೆ ನಿಜರೂಪವನ್ನೂ ಹುಡುಕಿ ಬಂದವರಿಗೆ ಬೇರೆ ರೂಪವನ್ನೂ ತೋರಿಸುತ್ತದೆ. ಇನ್ನೊಂದು ಬಗೆಯಲ್ಲಿ ತಾಣದೊಳಗೆ ಸಾವಿರಾರು ಜಪಾನೀ ಭಾಷೆಯ ಪುಟಗಳು ಹುಟ್ಟಿಕೊಳ್ಳುತ್ತವೆ. ಹುಡುಕು ಯಂತ್ರದ ಹೊರತು ಬೇರಾರಿಗೂ ಅವು ಕಾಣವು. ಸುಗ್ಗಿಯ ಕಾಲದಲ್ಲಿ ಗೂಗಲ್ ಕೆಂಪು ಪುಟದ ಎಚ್ಚರಿಕೆ ಹಾಕಿತೆಂದರೆ ಖರೀದಿದಾರರು ಕಾರಣ ಕೇಳುತ್ತ ಕೂಡುವುದಿಲ್ಲ, ಲಾತೂರಿನ ಮತ್ತೊಂದು ಗಿರಣಿಗೆ ದೂರವಾಣಿ ಮಾಡುತ್ತಾರೆ.

ದೊಡ್ಡವರೂ ಇದರಿಂದ ಪಾರಾಗಿಲ್ಲ. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ತಾಣಕ್ಕೆ ಸೇರಿಸಲಾಗಿದ್ದುದು ಕೇವಲ 22 ಸಾಲುಗಳ ಸಂಕೇತ. ಗ್ರಾಹಕರು ತುಂಬಿದ ಕಾರ್ಡಿನ ವಿವರಗಳು ಅದರ ಮೂಲಕ ಕಳ್ಳರ ಕೈಸೇರಿದವು. ಸಂಸ್ಥೆಗೆ ಈ ವಿಷಯ ತಿಳಿದದ್ದು ಸೆಪ್ಟೆಂಬರ್ 5ರಂದು, ಅದೂ ಹೊರಗಿನವರು ಹೇಳಿದ ಮೇಲೆ. 2020ರ ಅಕ್ಟೋಬರಿನಲ್ಲಿ 2 ಕೋಟಿ ಪೌಂಡ್ ದಂಡ ಬಿತ್ತು. ನಮ್ಮಲ್ಲಿಯೇ 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೆ ಕನ್ನ ಹಾಕಿ ಠೇವಣಿ ಹಣದಲ್ಲಿ 11 ಕೋಟಿ ರೂಪಾಯಿಗೂ ಮಿಕ್ಕಿ ಲಪಟಾಯಿಸಿದ್ದನ್ನು ಟೆಂಡರು ಹಾಕುವ ಸದಸ್ಯರು ಮರೆತಿರಲಾರರು.

ಕಳ್ಳ ಒಳಬರುವ ದಾರಿ

ಸಣ್ಣ ಉದ್ಯಮಗಳ ತಾಣಗಳು ಬಹುಮಟ್ಟಿಗೆ ವರ್ಡ್‌ಪ್ರೆಸ್‌ನಂತಹ ಸಿದ್ಧ ತಂತ್ರಾಂಶದಲ್ಲಿ ನಿರ್ಮಾಣವಾದವು. ಅದಕ್ಕೆ ಜೋಡಿಸುವ ಪ್ಲಗಿನ್‌ಗಳೇ ದುರ್ಬಲ ಕೊಂಡಿ. 2020ರಲ್ಲಿ 7 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನ ದೋಷದಿಂದ ಪಾಸ್‌ವರ್ಡ್ ಇಲ್ಲದೆಯೇ ಯಾರು ಬೇಕಾದರೂ ಕಡತ ಸೇರಿಸಬಹುದಾಗಿತ್ತು. ಸೆಪ್ಟೆಂಬರ್ 1ರಂದೇ ತಿದ್ದಿದ ಆವೃತ್ತಿ ಬಂದಿತು. ಅದನ್ನು ಹಾಕಿಕೊಳ್ಳದವರ ತಾಣಗಳು ಮುಂದೆಯೂ ದಾಳಿಗೆ ಗುರಿಯಾದವು. ಹಣ ಕೊಟ್ಟು ಕೊಳ್ಳಬೇಕಾದ ವಿನ್ಯಾಸವನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳುವವರ ಮಾತಂತೂ ಬೇಡ. ಅಂತಹ ನಕಲು ಪ್ರತಿಗಳಲ್ಲಿ ಹಿಂಬಾಗಿಲು ಎಷ್ಟೋ ವೇಳೆ ಮೊದಲೇ ಇರುತ್ತದೆ. ಕಚೇರಿಯ ಗಣಕಯಂತ್ರಕ್ಕೆ ಸೋಂಕು ತಗಲಿ ತಾಣದ ಪಾಸ್‌ವರ್ಡ್ ಕಳುವಾಗುವುದೂ ಉಂಟು; 2009ರ ಗಂಬ್ಲಾರ್ ಹಾವಳಿ ಹಬ್ಬಿದ್ದು ಹೀಗೆಯೇ. ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನು ನಂಬಿ ನಿಶ್ಚಿಂತರಾಗಬಾರದು. ಮಾಹಿತಿಯು ದಾರಿಯಲ್ಲಿ ಸೋರದು ಎಂಬುದಷ್ಟೇ ಅದರ ಅರ್ಥ, ತಾಣ ಶುದ್ಧವಾಗಿದೆ ಎಂದಲ್ಲ.

ಮಾಲೀಕರು ತಾವೇ ಮಾಡಬಹುದಾದ ಪರೀಕ್ಷೆ ಸುಲಭವಿದೆ. ವಾರಕ್ಕೊಮ್ಮೆ ಕಚೇರಿಯ ವೈ-ಫೈ ಬಿಟ್ಟು ಮೊಬೈಲಿನಲ್ಲಿ ಅಂಗಡಿಯ ಹೆಸರನ್ನು ಹುಡುಕಿ, ಫಲಿತಾಂಶದ ಮೂಲಕವೇ ತಾಣವನ್ನು ಪ್ರವೇಶಿಸಬೇಕು. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ತಾಣವನ್ನು ನೋಂದಾಯಿಸಿದರೆ ಸೋಂಕು ಪತ್ತೆಯಾದಾಗ ಮಿಂಚಂಚೆ ಬರುತ್ತದೆ. ಆ ಮಿಂಚಂಚೆ ಮಾಲೀಕರದ್ದೇ ಆಗಿರಬೇಕು, ತಾಣ ಕಟ್ಟಿಕೊಟ್ಟ ಹುಡುಗನದ್ದಲ್ಲ. ಅಡತ್ ಅಂಗಡಿಯ ತಿಜೋರಿಯ ಕೀಲಿಯನ್ನು ಯಾರೂ ಪರರ ಬಳಿ ಬಿಟ್ಟುಬರುವುದಿಲ್ಲ. ಡೊಮೇನ್ ಮಾತ್ರ ಅನೇಕರದ್ದು ಇನ್ನೊಬ್ಬರ ಹೆಸರಿನಲ್ಲಿದೆ! ಡೊಮೇನ್, ಹೋಸ್ಟಿಂಗ್ ಎರಡನ್ನೂ ಸಂಸ್ಥೆಯ ಹೆಸರಿಗೆ ಬರೆಸಿಕೊಂಡು, ಆವೃತ್ತಿ ನವೀಕರಣದ ಹೊಣೆ ಯಾರದೆಂಬುದನ್ನು ಕರಾರುಪತ್ರದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು.

ಬ್ಯಾಕಪ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕುತಂತ್ರಾಂಶ ವಾರಗಟ್ಟಲೆ ಮೌನವಾಗಿರಬಲ್ಲದು. ಆದ್ದರಿಂದ ನಿನ್ನೆಯ ಪ್ರತಿಯಲ್ಲಿಯೂ ಅದು ಸೇರಿರಬಹುದು. ಕಿರ್ದಿ ಪುಸ್ತಕಗಳನ್ನು ವರ್ಷವಾರು ಇಡುವಂತೆ ಬೇರೆ ಬೇರೆ ದಿನಾಂಕಗಳ ಪ್ರತಿಗಳನ್ನು ಹೋಸ್ಟಿಂಗ್‌ನಿಂದ ಹೊರಗೆ ಕಾದಿರಿಸಬೇಕು.

ಸೋಂಕು ಕಂಡುಬಂದಲ್ಲಿ ಮೊದಲು ಗಣಕಯಂತ್ರವನ್ನು ಶುದ್ಧಗೊಳಿಸಿ ಆಮೇಲೆ ಪಾಸ್‌ವರ್ಡ್ ಬದಲಿಸಬೇಕು. ಈ ಕ್ರಮ ತಪ್ಪಿದರೆ ಹೊಸ ಪಾಸ್‌ವರ್ಡ್ ಕೂಡ ಕಳ್ಳರ ಪಾಲಾಗುತ್ತದೆ. ಅಪರಿಚಿತ ಆಡಳಿತ ಖಾತೆಗಳನ್ನೂ ಚಿತ್ರಗಳ ಕೋಶದಲ್ಲಿ ಅಡಗಿದ ಪಿ.ಎಚ್.ಪಿ. ಕಡತಗಳನ್ನೂ ತೆಗೆಸಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ತಾಣದೊಳಗೆ ಅನಧಿಕೃತ ಸಂಕೇತ ಸೇರಿದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡತಕ್ಕದ್ದು. ಸಣ್ಣ ಉದ್ಯಮಗಳಿಗೆ ನೀಡಿದ್ದ ವಿನಾಯಿತಿಯ ಅವಧಿ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ಗ್ರಾಹಕರ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಬೇಕು. ತಾಣ ಶುದ್ಧವಾದ ನಂತರ ಸರ್ಚ್ ಕನ್ಸೋಲ್ ಮೂಲಕ ಮರುಪರಿಶೀಲನೆ ಕೋರಿದರೆ ಮಾತ್ರ ಕೆಂಪು ಪುಟ ಬೇಗ ತೊಲಗೀತು. ಅದಕ್ಕೆ ಕೆಲವು ದಿನ ಹಿಡಿಯಬಹುದು. ಅಷ್ಟರೊಳಗೆ ಖಾಯಂ ಖರೀದಿದಾರರಿಗೆ ಮಾಲೀಕರೇ ದೂರವಾಣಿ ಮಾಡಿ ವಿಷಯ ತಿಳಿಸುವುದು ಒಳಿತು.