ಸಾಲಕ್ಕಿಂತ ಮೊದಲು ಗಿರಾಕಿ ಕಲಿಸುವ ಶಾಲೆ

ಕುಮಟಾದ ಹೆಗಡೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ. ಜನರ ಬಾಯಲ್ಲಿ ಬರೀ ಆರ್‌ಸೆಟಿ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಕಲಿಯುವವರಿಗೆ ಊಟ, ವಸತಿ ಸಮೇತ ತರಬೇತಿ ಉಚಿತ. ಸ್ಟಾರ್ಟ್‌ಅಪ್ ಎಂದಾಕ್ಷಣ ಬೆಂಗಳೂರಿನ ಗಾಜಿನ ಕಟ್ಟಡ ನೆನೆಯುವವರು ಇಂಥ ಜಾಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಹೊಸಬರನ್ನು ಬಂಡವಾಳಕ್ಕೂ ವ್ಯಾಪಾರಕ್ಕೂ ಅಣಿಗೊಳಿಸುವ ಕೆಲಸ ಕರಾವಳಿಯಲ್ಲಿ ಆ ಪದ ಕಾಲಿಡುವ ಮೊದಲೇ ಶುರುವಾಗಿತ್ತು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಕಟ್ಟಿದರು. ಅದೇ ಮಾದರಿಯನ್ನು ಕೇಂದ್ರ ಸರ್ಕಾರ ಮುಂದೆ ಆರ್‌ಸೆಟಿಗಳ ರೂಪದಲ್ಲಿ ದೇಶದ ಜಿಲ್ಲೆ ಜಿಲ್ಲೆಗೆ ಒಯ್ದಿತು.

ಇಂಥ ತರಬೇತಿಗಳಲ್ಲಿ ರಿಂಗ್ ಎಸೆಯುವ ಆಟವೊಂದಿದೆ. ನೆಲದಲ್ಲೊಂದು ಗೂಟ, ಅಳತೆ ಹಾಕಿದ ಗೆರೆಗಳು. ದೂರ ನಿಂತಷ್ಟೂ ಅಂಕ ಹೆಚ್ಚು, ಎಲ್ಲಿ ನಿಲ್ಲಬೇಕೆಂಬುದು ಆಡುವವರ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಪುಡಿ ಅಂಕ ಗಳಿಸುತ್ತಾರೆ. ಕೆಲವರು ಕೊನೆಯ ಗೆರೆಯಿಂದ ಬೀಸಿ ಸೊನ್ನೆ ಸುತ್ತುತ್ತಾರೆ. ನಡುವಿನ ದೂರ ಆರಿಸಿ, ಎರಡನೇ ಸುತ್ತಿಗೆ ಒಂದು ಹೆಜ್ಜೆ ಹಿಂದೆ ಸರಿಯುವವರ ಮೇಲೆ ತರಬೇತುದಾರರ ಕಣ್ಣು. ಇದರ ಹಿಂದಿರುವುದು, ಅಳೆದ ಅಪಾಯ ಆರಿಸುವ ಸಾಧನೆಯ ಹಂಬಲವನ್ನು ತರಬೇತಿಯಿಂದ ಬೆಳೆಸಬಹುದೆಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರ ವಿಚಾರ. 1960ರ ದಶಕದಲ್ಲಿ ಅವರು ಕಾಕಿನಾಡದ ವ್ಯಾಪಾರಿಗಳ ನಡುವೆ ಅದನ್ನು ಪರೀಕ್ಷಿಸಿದ್ದರು.

ಆಟಕ್ಕಿಂತ ಕಠಿಣವಾದದ್ದು ಮಾರುಕಟ್ಟೆ ಸಮೀಕ್ಷೆ. ಮುರುಗಲು ಶರಬತ್ತು ಮಾರಹೊರಟವರು ಹೊನ್ನಾವರ ಪೇಟೆಯ ಅಂಗಡಿಯಲ್ಲಿ ನಿಂತು ಕೇಳಬೇಕು: ತಿಂಗಳಿಗೆ ಎಷ್ಟು ಬಾಟಲಿ ಹೋಗುತ್ತದೆ, ನಿಮ್ಮ ಕಮಿಷನ್ ಎಷ್ಟು, ದುಡ್ಡು ಯಾವಾಗ, ಉಳಿದದ್ದನ್ನು ವಾಪಸ್ ತೆಗೆದುಕೊಳ್ಳಬೇಕೇ? ಮನೆಯಲ್ಲಿ ಅತ್ತೆ, ಚಿಕ್ಕಮ್ಮ ಕುಡಿದು ‘ಚೊಲೋ ಆಜು’ ಎಂದದ್ದು ಮಾರಾಟವಲ್ಲ. ನೆಂಟರು ಮುಲಾಜಿಗೆ ಒಂದು ಬಾಟಲಿ ಕೊಳ್ಳುತ್ತಾರೆ. ಎರಡನೇ ಬಾಟಲಿಗೆ ತಾವಾಗಿ ಬಂದರೆ ಅವರನ್ನೂ ಗಿರಾಕಿ ಎನ್ನೋಣ.

ಇಷ್ಟಾದ ಮೇಲೆ ಪ್ರಾಜೆಕ್ಟ್ ರಿಪೋರ್ಟ್. ನಮ್ಮವರ ಮೊದಲ ಪ್ರಶ್ನೆ ‘ಸಬ್ಸಿಡಿ ಎಷ್ಟು?’ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ (ಪಿಎಂಇಜಿಪಿ) ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ 35ರಷ್ಟಿದೆ; 10 ಲಕ್ಷದ ಘಟಕಕ್ಕೆ ಮೂರೂವರೆ ಲಕ್ಷ. ಆದರೆ ಅದು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆ. ಅಷ್ಟು ದಿನ ಕಂತು ಕಟ್ಟಿಸುವುದು ಗಿರಾಕಿಯೇ. ಸಬ್ಸಿಡಿ ಮೊತ್ತ ನೋಡಿ ಯಂತ್ರ ಆರಿಸುವವರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಹಾಗೆಂದು ಆರ್‌ಸೆಟಿ ಎಲ್ಲರಿಗೂ ಸಾಲದು. ಭಟ್ಕಳದ ಎಂಜಿನಿಯರಿಂಗ್ ಹುಡುಗ ಮೀನುಗಾರಿಕೆ ದೋಣಿಗೆ ಸೆನ್ಸರ್ ಮಾಡಹೊರಟರೆ ಅವನಿಗೆ ಬೇಕಾದದ್ದು ಬ್ಯಾಂಕ್ ಸಾಲವಲ್ಲ, ಸೋಲನ್ನು ತಡೆದುಕೊಳ್ಳುವ ಹಣ. ಅಂಥವರು ಘಟ್ಟ ಹತ್ತಿ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ ಸ್ಟಾರ್ಟ್‌ಅಪ್ ಕೇಂದ್ರದ ಕದ ತಟ್ಟಬಹುದು. ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆಗೂ ಅರ್ಜಿ ಹಾಕಬಹುದು. ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ, ಕಂಪನಿಯ ಪಾಲು ಕೊಡಬೇಕಿಲ್ಲ.

ಕುಮಟಾದ ತರಬೇತಿಗೆ ಸಾಮಾನ್ಯವಾಗಿ 18ರಿಂದ 45 ವರ್ಷದ ಗ್ರಾಮೀಣರು ಅರ್ಹರು. ಮುಗಿಸಿ ಹೋದವರ ಬೆನ್ನು ಹಿಡಿದು ವಿಚಾರಿಸುವ ಕೆಲಸವೂ ಆರ್‌ಸೆಟಿಯದೇ, ಎರಡು ವರ್ಷಗಳವರೆಗೆ.