ನಂಗೊಂದು ಡೌಟು!

ಅಚ್ಚಗನ್ನಡದಲ್ಲೇ ಮಾತಾಡುತ್ತೇನೆ ಎಂದು ಹಟ ಹಿಡಿದವರ ಬಾಯಲ್ಲೂ ನುಸುಳಿಬಿಡುವ ಇಂಗ್ಲಿಷ್ ಪದ ‘ಡೌಟು’. ಕ್ಲಾಸಿನಲ್ಲಿ ‘ಸಾರ್, ಒಂದು ಡೌಟು’ ಎಂದರೆ ಪ್ರಶ್ನೆ. ‘ಅವನ ಮೇಲೇ ನಂಗೆ ಡೌಟು’ ಎಂದರೆ ಗುಮಾನಿ. ‘ಇವತ್ತು ಬಸ್ಸು ಬರೋದು ಡೌಟು’ ಎಂದರೆ ಬರಲಿಕ್ಕಿಲ್ಲ. ಪದ ಒಂದೇ ಆದರೂ ನಮ್ಮ ನಮ್ಮಲ್ಲಿ ಗೊಂದಲವಿಲ್ಲ. ನಾನು ಕೆಲಸ ಮಾಡುವ ಪುಣೆಯ ಕಚೇರಿಯಲ್ಲಿ ಮರಾಠಿ, ತಮಿಳು, ತೆಲುಗಿನವರೂ ಪ್ರಶ್ನೆಗೆ ಡೌಟು ಎಂದೇ ಹೇಳುವುದು.

ತೊಡಕಾಗುವುದು ಆಚೆ ತುದಿಯಲ್ಲಿ ಅಮೆರಿಕದವರಿದ್ದಾಗ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಕೋಡ್ ರಿವ್ಯೂ ಮಾಡುವಾಗ ‘ಐ ಹ್ಯಾವ್ ಎ ಡೌಟ್ ಇನ್ ದಿಸ್ ಫಂಕ್ಷನ್’ ಎಂದು ಬರೆದಳು. ಅವಳಿಗೆ ಬೇಕಿದ್ದದ್ದು ವಿವರಣೆ. ಕೋಡ್ ಬರೆದಾತನಿಗೆ ಕಂಡದ್ದು ‘ನಿನ್ನ ಕೆಲಸದ ಮೇಲೆ ನಂಬಿಕೆಯಿಲ್ಲ’ ಎಂಬ ಅರ್ಥ. ಉತ್ತರ ಬಿರುಸಾಗಿಯೇ ಬಂತು. ಅಲ್ಲಿಂದ ಎರಡು ವಾರ ಆಕೆ ಮೀಟಿಂಗಿನಲ್ಲಿ ತುಟಿ ಬಿಚ್ಚಲಿಲ್ಲ.

ಇಂಗ್ಲಿಷ್ ಮಾತಾಡುವವರಲ್ಲೂ ಈ ಪದಕ್ಕೆ ಒಂದೇ ಅರ್ಥವಿಲ್ಲ. ‘ಐ ಡೌಟ್ ಇಟ್ ವಿಲ್ ರೇನ್’ ಎಂದರೆ ಸಾಮಾನ್ಯವಾಗಿ ಮಳೆ ಬರಲಿಕ್ಕಿಲ್ಲ ಎಂದರ್ಥ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಅದೇ ಮಾತಿಗೆ ಮಳೆ ಬರುವ ಹಾಗಿದೆ ಎಂಬ ಅರ್ಥವೂ ಉಂಟು! ಪದದ ಬೇರು ಲ್ಯಾಟಿನ್ನಿನಲ್ಲಿದ್ದು, ‘ಎರಡು’ ಎಂಬುದಕ್ಕೆ ನಂಟಾಗಿದೆ. ನಾವೂ ತೀರ್ಮಾನವಾಗದಿದ್ದಾಗ ‘ಎರಡು ಮನಸ್ಸು’ ಎನ್ನುತ್ತೇವಲ್ಲ, ಹಾಗೆ.

ಪದಗಳು ಜಾಗ ಬದಲಿಸಿದಾಗ ಅರ್ಥ ಬದಲಿಸುವುದು ನಮಗೂ ಹೊಸದಲ್ಲ. ಕನ್ನಡದಲ್ಲಿ ‘ಅನುಮಾನ’ ಎಂದರೆ ಶಂಕೆ. ಹಿಂದಿಯಲ್ಲಿ ಅದೇ ಪದಕ್ಕೆ ಅಂದಾಜು ಎಂದರ್ಥ. ದೆಹಲಿಯಲ್ಲಿ ಹವಾಮಾನ ಸುದ್ದಿ ಕೇಳುವ ಕನ್ನಡಿಗರಿಗೆ ಇದು ಗೊತ್ತು.

ಹಾಗೆಂದು ಪ್ರಶ್ನೆಗೆ ಡೌಟು ಎನ್ನುವುದು ನಾಚಿಕೆಪಡುವ ವಿಷಯವೇನಲ್ಲ. ಗೌತಮನ ನ್ಯಾಯಸೂತ್ರ ಪಟ್ಟಿ ಮಾಡುವ 16 ಪದಾರ್ಥಗಳಲ್ಲಿ ‘ಸಂಶಯ’ವೂ ಒಂದು. ಸಂಶಯ ಹುಟ್ಟಿದರೆ ತಾನೇ ವಿಚಾರ ಮುಂದೆ ಸಾಗುವುದು? ಅಲ್ಲಿ ಅದು ಎದುರಿನವರ ಮೇಲಿನ ಅಪನಂಬಿಕೆಯಲ್ಲ, ತಿಳಿಯುವ ದಾರಿ.

ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ: ವಿದೇಶದವರಿಗೆ ಬರೆಯುವಾಗ ‘ಡೌಟ್’ ಬದಲು ‘ಕ್ವೆಶ್ಚನ್’ ಅನ್ನು, ಕೇಳುವುದನ್ನು ಮಾತ್ರ ಬಿಡಬೇಡ. ತಂಡದ ಹಿರಿಯರಿಗೂ ಒಂದು ಮಾತು. ಹೊಸಬರು ‘ಡೌಟು’ ಎಂದಾಗ ಪದವನ್ನು ತಿದ್ದುವ ಮೊದಲು ಪ್ರಶ್ನೆಗೆ ಉತ್ತರ ಕೊಡಿ. ತಿದ್ದುವುದನ್ನು ಆಮೇಲೆ ಚಹಾ ಕುಡಿಯುವಾಗ ಮಾಡಿದರಾಯಿತು.