ಬ್ಯಾಂಕುಗಳ ಪೈಪೋಟಿ ಮತ್ತು ನಿಮ್ಮ ಪಹಣಿ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಶಿನ ಬೆಳೆಯುವವರಿಗೆ ಬಿತ್ತನೆ ಗೆಡ್ಡೆ, ಗೊಬ್ಬರ, ಕೂಲಿ ಎಂದು ಆರಂಭದಲ್ಲೇ ಹೆಚ್ಚು ಹಣ ಬೇಕಾಗುತ್ತದೆ. ಗೆಡ್ಡೆ ಬೇಯಿಸಿ, ಒಣಗಿಸಿ ಮಾರುವ ಹೊತ್ತಿಗೆ ಒಂಬತ್ತು ಹತ್ತು ತಿಂಗಳು ಕಳೆಯುತ್ತವೆ. ಆದುದರಿಂದ ಸಾಲ ಯಾರಿಂದ, ಎಷ್ಟು ಬಡ್ಡಿಗೆ ಎಂಬುದು ಬಿತ್ತನೆಯ ಆಯ್ಕೆಯಷ್ಟೇ ಮುಖ್ಯ.

ಹಿಂದೆ ವಾಣಿಜ್ಯ ಬ್ಯಾಂಕುಗಳ ಮಟ್ಟಿಗೆ ಈ ಆಯ್ಕೆ ಇರಲಿಲ್ಲ. 1989ರಲ್ಲಿ ಜಾರಿಗೆ ಬಂದ ‘ಸೇವಾ ಕ್ಷೇತ್ರ’ ಪದ್ಧತಿಯಂತೆ ಪ್ರತಿ ಶಾಖೆಗೂ ಇಂತಿಷ್ಟು ಹಳ್ಳಿಗಳೆಂದು ಗೊತ್ತುಮಾಡಲಾಗಿತ್ತು. ಯಾವ ಹಳ್ಳಿಯೂ ಬಿಟ್ಟುಹೋಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಆ ಶಾಖೆಯವರು ಒಲ್ಲೆವೆಂದರೆ ಇನ್ನೊಂದು ಬ್ಯಾಂಕಿನ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. 2004ರಲ್ಲಿ, ಸರ್ಕಾರಿ ಯೋಜನೆಗಳ ಸಾಲಗಳನ್ನು ಬಿಟ್ಟು ಉಳಿದವಕ್ಕೆ ರಿಸರ್ವ್ ಬ್ಯಾಂಕು ಈ ಕಟ್ಟನ್ನು ತೆಗೆದುಹಾಕಿತು. 2015ರಲ್ಲಿ, ಸರ್ಕಾರಿ ಯೋಜನೆಯ ನಿಯಮವೇ ಅದನ್ನು ಕೇಳಿದ ಸಂದರ್ಭದ ಹೊರತು, ಗ್ರಾಮೀಣ ಸಾಲಗಾರರಿಂದ ‘ಬಾಕಿ ಇಲ್ಲ’ ಪತ್ರ ಕೇಳುವುದನ್ನೂ ಕೈಬಿಡುವಂತೆ ಸೂಚಿಸಿತು.

ಇದು ಸಾಧ್ಯವಾದುದು ಗಣಕಯಂತ್ರದಿಂದ. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕೀಕೃತವಾದವು. ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆಯ ಮೂಲಕ ಬ್ಯಾಂಕುಗಳು ಜಮೀನಿನ ವಿವರ ನೋಡಿ, ಸಾಲದ ಋಣಭಾರವನ್ನು ಅಲ್ಲಿಂದಲೇ ದಾಖಲಿಸಬಹುದಾಗಿದೆ. ಹಳೆಯ ಸಾಲಗಳ ಮರುಪಾವತಿ ‘ಸಿಬಿಲ್’ನಂತಹ ಸಂಸ್ಥೆಗಳ ವರದಿಯಲ್ಲಿ ಕಾಣುತ್ತದೆ. ಒಮ್ಮೆ ನಿಮ್ಮ ಶಾಖೆಗೆ ಮಾತ್ರ ಗೊತ್ತಿದ್ದ ನಿಮ್ಮ ನಡತೆ ಈಗ ಎಲ್ಲ ಬ್ಯಾಂಕುಗಳಿಗೂ ತಿಳಿಯುತ್ತದೆ.

ಬಾಗಿಲುಗಳು ತೆರೆದವು, ಆದರೆ ಬಾಗಿಲುಗಳ ಸಂಖ್ಯೆಯೇ ಇಳಿಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಲೀನವಾದವು. ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ವಿಲೀನಗೊಂಡಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಒಂದೇ ಗ್ರಾಮೀಣ ಬ್ಯಾಂಕು.

ಬಡ್ಡಿಯ ವಿಷಯದಲ್ಲಿ ಸಹಕಾರ ಸಂಘದ್ದೇ ಮೇಲುಗೈ. 2023-24ರ ಆಯವ್ಯಯದಂತೆ, ಗಡುವಿನೊಳಗೆ ತೀರಿಸುವ ಸದಸ್ಯರಿಗೆ 5 ಲಕ್ಷ ರೂ.ವರೆಗಿನ ಅಲ್ಪಾವಧಿ ಸಾಲಕ್ಕೆ ಬಡ್ಡಿಯಿಲ್ಲ. ಆದರೆ ಸಂಘದ ಬಳಿ ಹಣವಿದ್ದಷ್ಟೇ ಸಾಲ. ವಾಣಿಜ್ಯ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 2025-26ರಲ್ಲಿ 3 ಲಕ್ಷದವರೆಗೆ ಶೇ. 7; ಕಾಲಕ್ಕೆ ಸರಿಯಾಗಿ ಕಟ್ಟಿದರೆ ಶೇ. 4 ಮಾತ್ರ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಧಾರ ಕೇಳುವಂತಿಲ್ಲ.

ಬ್ಯಾಂಕು ಬದಲಿಸುವವರು ಮೊದಲು ಪಹಣಿಯ 11ನೇ ಕಾಲಂ ನೋಡಬೇಕು. ಸಾಲ ತೀರಿದರೂ ಬ್ಯಾಂಕು ಬಿಡುಗಡೆ ಮಾಡದಿದ್ದರೆ ಹಳೆಯ ಋಣ ಅಲ್ಲಿಯೇ ಉಳಿಯುತ್ತದೆ. ಅದನ್ನು ಕಂಡ ಹೊಸ ಬ್ಯಾಂಕು ಹಿಂಜರಿಯುವುದು ಸಹಜ. ವಿಲೀನಗೊಂಡ ಬ್ಯಾಂಕಿನ ಹೆಸರಿನಲ್ಲಿ ಋಣವಿದ್ದರೆ ಈಗ ಆ ಖಾತೆ ಇರುವ ಶಾಖೆಗೆ ಸಾಲ ತೀರಿದ ರಸೀದಿಯೊಡನೆ ಅರ್ಜಿ ಕೊಟ್ಟು, ಋಣ ಇಳಿದ ಮೇಲೆ ಹೊಸ ಪಹಣಿ ತೆಗೆಸಿಕೊಳ್ಳಿರಿ. ಈ ಕೆಲಸವನ್ನು ನಾಟಿಯ ಅವಸರಕ್ಕೆ ಮುಂಚೆ, ಬೇಸಿಗೆಯಲ್ಲೇ ಮುಗಿಸುವುದು ಲೇಸು.